ಬ್ರಿಟನ್ನಿನ ಹಳೆಯ ಲಾರಿಗಳೂ ಅವನ್ನು ನಡೆಸಿದವರೂ



ಲಂಡನ್ ನಗರದಿಂದ ದಕ್ಷಿಣದ ಕಡಲತೀರದಲ್ಲಿರುವ ಬ್ರೈಟನ್ ಪಟ್ಟಣಕ್ಕೆ ಐವತ್ತು ಅರುವತ್ತು ಮೈಲಿಗಳ ದಾರಿ. ೧೯೬೨ರಿಂದೀಚೆಗೆ ಮೇ ತಿಂಗಳಿನ ಒಂದು ಭಾನುವಾರ ಈ ದಾರಿಯಲ್ಲಿ ಒಂದು ಮೆರವಣಿಗೆ ಹೊರಡುವುದು ವಾಡಿಕೆಗೆ ಬಂದಿದೆ. ನಮ್ಮ ಊರುಗಳಲ್ಲಿ ರಥೋತ್ಸವದ ದಿನ ಜನರು ಬೀದಿಯ ಎರಡು ಪಕ್ಕಗಳಲ್ಲಿಯೂ ಕಾದು ನಿಲ್ಲುವಂತೆ ಅಲ್ಲಿಯೂ ನಿಲ್ಲುವರು. ಬರತಕ್ಕವು ಮಾತ್ರ ತೇರುಗಳಲ್ಲ, ಹಳೆಯ ಲಾರಿಗಳು. ಉಗಿ ಬಿಡುತ್ತ ಬರುವ ಫೋಡೆನ್, ಮೂತಿಯ ಮೇಲೆ ಉದಯಿಸುವ ಸೂರ್ಯನನ್ನು ಹೊತ್ತ ಗ್ಲಾಸ್ಗೋ ನಗರದ ಆಲ್ಬಿಯನ್, ವರ್ತುಲದ ನಡುವೆ ಒಂದೇ ಅಕ್ಷರವುಳ್ಳ ಅಟ್ಕಿನ್ಸನ್, ಎಂಟು ಗಾಲಿಗಳ ಎ.ಇ.ಸಿ., ಲೇಲ್ಯಾಂಡ್, ಸ್ಕ್ಯಾಮೆಲ್. ಬಣ್ಣ ಬಳಿದು, ಹಿತ್ತಾಳೆಯನ್ನು ಉಜ್ಜಿ, ಮದುವಣಗಿತ್ತಿಯಂತೆ ಸಿಂಗರಿಸಿ ಇವನ್ನು ತರುವರು. ಬ್ರೈಟನ್ನಿನ ಕಡಲ ದಂಡೆಯಲ್ಲಿ ಇವನ್ನು ಸಾಲಾಗಿ ನಿಲ್ಲಿಸಿದ ಮೇಲೆ ಸುತ್ತ ನೆರೆದ ಮುದುಕರ ಮಾತು ಮೊದಲಾಗುತ್ತದೆ. ಯಾವ ಏರಿನಲ್ಲಿ ಯಾವ ಗೇರು, ಯಾವ ಚಹದಂಗಡಿಯಲ್ಲಿ ನಡುರಾತ್ರಿಯಲ್ಲಿಯೂ ಬಿಸಿಯೂಟ, ಯಾವ ವರ್ಷದ ಹಿಮದಲ್ಲಿ ಎಷ್ಟು ದಿನ ಸಿಕ್ಕಿಬಿದ್ದದ್ದು, ಈ ಬಗೆಯ ಮಾತು.

ಇದನ್ನು ಹಳೆಯ ಕಬ್ಬಿಣದ ಮೇಲಣ ಮೋಹವೆಂದು ನಗೆಯಾಡಿಬಿಡುವುದು ಸುಲಭ. ನಾವೂ ಒಂದು ಕಾಲಕ್ಕೆ ಹಾಗೆಯೇ ಎಣಿಸಿದ್ದೆವು. ಆದರೆ ಹಳೆಯ ಲಾರಿಯೊಂದರ ಮೈಯನ್ನು ಓದಬಲ್ಲವನಿಗೆ ಅದರಲ್ಲಿ ಕಾಣುವುದು ಯಂತ್ರಶಿಲ್ಪವೊಂದೇ ಅಲ್ಲ. ಒಂದು ದೇಶವು ಮಾಡಿಕೊಂಡ ಕಾಯಿದೆಗಳೂ, ಆ ಕಾಯಿದೆಗಳಿಗೂ ಯಜಮಾನನ ಅವಸರಕ್ಕೂ ನಡುವೆ ಸಿಕ್ಕಿ ದುಡಿದ ಮನುಷ್ಯನ ಶರೀರವೂ ಅಲ್ಲಿ ಕಾಣುವುವು. ಈ ಹೊತ್ತು ಆ ದೃಷ್ಟಿಯಿಂದ ಈ ಗಾಡಿಗಳನ್ನು ನೋಡೋಣ.

ಮೊದಲಿಗೆ ಕೆಂಪು ಬಾವುಟದ ಕಥೆ. ೧೮೬೫ರ ಕಾಯಿದೆಯಂತೆ ಉಗಿಯಂತ್ರದ ಗಾಡಿಯು ಊರೊಳಗೆ ಗಂಟೆಗೆ ಎರಡು ಮೈಲಿ, ಊರ ಹೊರಗೆ ನಾಲ್ಕು ಮೈಲಿ, ಇದಕ್ಕಿಂತ ಬೇಗ ಹೋಗಕೂಡದು. ಅದರ ಮುಂದೆ ಅರುವತ್ತು ಗಜ ದೂರದಲ್ಲಿ ಒಬ್ಬನು ಕೆಂಪು ಬಾವುಟವನ್ನು ಹಿಡಿದು ನಡೆಯಬೇಕು. ಮನುಷ್ಯನ ನಡಿಗೆಗಿಂತ ಬೇಗ ಹೋಗದ ಯಂತ್ರವನ್ನು ಯಾರು ತಾನೆ ಕೊಂಡಾರು? ೧೮೯೬ರಲ್ಲಿ ಪಾರ್ಲಿಮೆಂಟು ಈ ಕಟ್ಟನ್ನು ಸಡಿಲಿಸಿತು. ಅದೇ ವರ್ಷ ಲ್ಯಾಂಕಷೈರ್ ಪ್ರಾಂತದ ಲೇಲ್ಯಾಂಡ್ ಎಂಬ ಸಣ್ಣ ಊರಿನಲ್ಲಿ ಜೇಮ್ಸ್ ಸಮ್ನರ್, ಹೆನ್ರಿ ಸ್ಪರಿಯರ್ ಎಂಬವರು ಉಗಿಬಂಡಿಗಳನ್ನು ಮಾಡುವ ಒಂದು ಕಂಪೆನಿಯನ್ನು ತೆರೆದರು. ೧೯೦೭ರಲ್ಲಿ ಅದು ಊರಿನ ಹೆಸರನ್ನೇ ಧರಿಸಿ ಲೇಲ್ಯಾಂಡ್ ಮೋಟಾರ್ಸ್ ಆಯಿತು. ಈ ಹೆಸರು ನಮ್ಮ ಶ್ರೋತೃಗಳಿಗೆ ಹೊಸದಲ್ಲ. ಅದು ನಮ್ಮ ದಾರಿಗಳಿಗೆ ಬಂದ ಬಗೆಯನ್ನು ಮುಂದೆ ಹೇಳುವೆವು.

ಉಗಿಬಂಡಿಗಳ ಆಳ್ವಿಕೆ ನಾವೆಣಿಸುವುದಕ್ಕಿಂತ ದೀರ್ಘವಾಗಿದ್ದಿತು. ಚೆಷೈರಿನ ಸ್ಯಾಂಡ್‌ಬ್ಯಾಚ್ ಊರಿನ ಫೋಡೆನ್ ಗಾಡಿಗೆ ರೈಲಿನ ಎಂಜಿನ್ನಿನಂತೆ ಮುಂದೆ ಮಲಗಿದ ಕೊಳವೆಯಾಕಾರದ ಬಾಯ್ಲರು. ಷ್ರೂಸ್‌ಬರಿಯ ಸೆಂಟಿನೆಲ್ ಗಾಡಿಗೆ ನಿಂತ ಬಾಯ್ಲರು, ಯಂತ್ರವೆಲ್ಲ ಗಾಡಿಯ ಅಡಿಯಲ್ಲಿ. ಸ್ವದೇಶದ ಕಲ್ಲಿದ್ದಲು ಅಗ್ಗವಾಗಿದ್ದುದರಿಂದ ಇವುಗಳಿಗೆ ಖರ್ಚು ಕಡಮೆ. ಆದರೆ ಬೆಳಗ್ಗೆ ಹೊರಡುವುದಕ್ಕೆ ಬಹಳ ಮುಂಚೆಯೇ ಒಲೆ ಹೊತ್ತಿಸಬೇಕು, ದಾರಿಯಲ್ಲಿ ಹಳ್ಳ ಕೆರೆಗಳನ್ನು ಹುಡುಕಿ ನೀರು ತುಂಬಬೇಕು, ಬೂದಿ ಬಗೆಯಬೇಕು. ಬಾಯ್ಲರಿನ ಮತ್ತು ನೀರಿನ ಭಾರವನ್ನು ಗಾಡಿ ಸದಾ ಹೊತ್ತುಕೊಂಡೇ ತಿರುಗಬೇಕು.

೧೯೧೪ರಿಂದ ೧೯೧೮ರವರೆಗಿನ ಮಹಾಯುದ್ಧವು ಪೆಟ್ರೋಲು ಲಾರಿಯನ್ನು ಸಾವಿರಗಟ್ಟಲೆಯಾಗಿ ಹುಟ್ಟಿಸಿತು. ಯುದ್ಧವು ಮುಗಿದ ಮೇಲೆ ಸರ್ಕಾರವು ಅವನ್ನು ಮಾರಿಬಿಟ್ಟಿತು. ಸೇನೆಯಲ್ಲಿ ಲಾರಿ ನಡೆಸುವುದನ್ನು ಕಲಿತ ತರುಣರು ಬಿಡುಗಡೆಯ ಕಾಲದಲ್ಲಿ ಕೈಗೆ ಬಂದ ಇನಾಮಿನ ಹಣದಿಂದ ಒಂದೊಂದು ಲಾರಿಯನ್ನು ಕೊಂಡು ಬಾಡಿಗೆಗೆ ನಿಂತರು. ಗಟ್ಟಿ ರಬ್ಬರಿನ ಗಾಲಿ, ಗಾಜಿಲ್ಲದ ಮುಂಭಾಗ, ಮೇಲೆ ಒಂದು ತಟ್ಟಿನ ಹೊದಿಕೆ, ಹೀಗೆ ಒಬ್ಬೊಬ್ಬನೂ ಒಂದೊಂದು ಕಂಪೆನಿಯಾದನು. ಪೈಪೋಟಿಯಲ್ಲಿ ದರಗಳು ಬಿದ್ದುವು. ರೈಲ್ವೆಯವರು ಗೋಳಿಟ್ಟರು. ಆಗ ಬಂದವು ೧೯೩೦ ಮತ್ತು ೧೯೩೩ರ ಕಾಯಿದೆಗಳು. ಬ್ರೈಟನ್ನಿನ ಮುದುಕರು ಮಾತಾಡುವ ಲೋಕವು ಬಹುಮಟ್ಟಿಗೆ ಇವುಗಳಿಂದಲೇ ನಿರ್ಮಿತವಾಯಿತು.

೧೯೩೦ರ ಕಾಯಿದೆಯು ಚಾಲಕನ ಹೊತ್ತನ್ನು ಅಳೆಯಿತು: ಒಂದೇ ಸಮನೆ ಐದೂವರೆ ಗಂಟೆ, ದಿನವೊಂದಕ್ಕೆ ಹನ್ನೊಂದು ಗಂಟೆ, ಇದಕ್ಕಿಂತ ಹೆಚ್ಚು ನಡೆಸಕೂಡದು. ೧೯೩೩ರದು ಲೈಸೆನ್ಸುಗಳನ್ನು ಮೂರು ತರಗತಿಗಳಾಗಿ ವಿಂಗಡಿಸಿತು. 'ಎ' ಎಂದರೆ ಪರರ ಸರಕನ್ನು ಬಾಡಿಗೆಗೆ ಹೊರತಕ್ಕವನು. 'ಸಿ' ಎಂದರೆ ತನ್ನ ಸರಕನ್ನು ಮಾತ್ರ ಹೊರತಕ್ಕವನು. 'ಬಿ' ಎಂದರೆ ತನ್ನದನ್ನು ಹೊತ್ತು, ಗೊತ್ತಾದ ನಿಬಂಧನೆಗಳೊಳಗೆ ಪರರದನ್ನೂ ಹೊರಬಹುದಾದವನು. ಬಾಡಿಗೆಯ ಲೈಸೆನ್ಸು ಕೇಳಿದವನ ಮೇಲೆ ರೈಲ್ವೆಯವರೂ ಮೊದಲೇ ಆ ದಾರಿಯಲ್ಲಿದ್ದವರೂ ಆಕ್ಷೇಪಣೆ ತರಬಹುದಾಗಿದ್ದಿತು; ತನ್ನ ಲಾರಿಯ ಅವಶ್ಯಕತೆಯನ್ನು ಅವನು ಸಾಕ್ಷ್ಯಗಳಿಂದ ಸಾಧಿಸಬೇಕಾಗಿದ್ದಿತು. ಹೀಗಾಗಿ ಲಾರಿಗಿಂತ ಲೈಸೆನ್ಸಿಗೇ ಬೆಲೆಯೇರಿತು. ಈ ಏರ್ಪಾಡು ೧೯೬೮ರ ಕಾಯಿದೆ ಬರುವವರೆಗೂ ಉಳಿಯಿತು.

ಅದೇ ಕಾಲಕ್ಕೆ ತೆರಿಗೆಯನ್ನು ಬರಿಗಾಡಿಯ ತೂಕದ ಮೇಲೆ ಹೆಚ್ಚಿಸಿದರು. ಬಾಯ್ಲರನ್ನು ಹೊತ್ತ ಉಗಿಬಂಡಿಗೆ ಇದು ಮರಣಶಾಸನವಾಯಿತು. ಫೋಡೆನ್ ಮನೆತನದಲ್ಲಿ ಇದರಿಂದಲೇ ಒಡಕು ಹುಟ್ಟಿತು. ಸಂಸ್ಥಾಪಕನ ಮಗನಾದ ಎಡ್ವಿನ್ ರಿಚರ್ಡ್ ಫೋಡೆನ್ನನು ಉಗಿಯ ಕಾಲ ಮುಗಿಯಿತು, ಮುಂದೆ ಡೀಸಲ್ಲೇ ಗತಿ ಎಂದು ನಂಬಿದ್ದನು. ಉಳಿದವರಿಗೆ ಅಷ್ಟು ಧೈರ್ಯವಿರಲಿಲ್ಲ. ಅವನು ಹೊರಬಂದು, ೧೯೩೩ರಲ್ಲಿ ಅದೇ ಸ್ಯಾಂಡ್‌ಬ್ಯಾಚ್ ಊರಿನಲ್ಲಿ ಮಗನೊಡನೆ ತನ್ನ ಮೊದಲ ಡೀಸಲ್ ಲಾರಿಯನ್ನು ಕಟ್ಟಿದನು. ಆ ಲಾರಿಗೆ ಒಂದನೆಯ ನಂಬರನ್ನು ಕೊಡಲಿಲ್ಲ. ಅರುವತ್ತಮೂರನೆಯ ನಂಬರನ್ನು ಕೊಟ್ಟರು. ಆಗ ಅವನ ವಯಸ್ಸು ಅರುವತ್ತಮೂರು. ತನ್ನ ಹೆಸರಿನ ಮೊದಲಕ್ಷರಗಳಿಂದ ಅದನ್ನು ಇ.ಆರ್.ಎಫ್. ಎಂದು ಕರೆದನು. ಜನರು ವಿಶ್ರಾಂತಿಗೆ ಕೂರುವ ವಯಸ್ಸಿನಲ್ಲಿ ತಂದೆಯ ಕಾರ್ಖಾನೆಗೆ ಎದುರಾಗಿ ಕಾರ್ಖಾನೆ ಹೂಡಿದ ಈ ಹಟವು ನಮಗೆ ಬಹಳ ಹಿಡಿಸಿತು.

ಇನ್ನು ವೇಗದ ವಿಚಾರ. ಬರಿಗಾಡಿಯ ತೂಕವು ಒಂದು ಮಿತಿಯನ್ನು, ಮೊದಲು ಎರಡೂವರೆ ಟನ್ನನ್ನು, ಅನಂತರ ಮೂರು ಟನ್ನನ್ನು, ಮೀರಿದ ಲಾರಿಯು ಗಂಟೆಗೆ ಇಪ್ಪತ್ತು ಮೈಲಿಗಿಂತ ಬೇಗ ಹೋಗಕೂಡದೆಂದು ವಿಧಿಸಿದ್ದರು. ಮಿತಿಯೊಳಗಿನ ಹಗುರವಾದ ಗಾಡಿಗೆ ಮೂವತ್ತು ಮೈಲಿ. ಇದರ ಪರಿಣಾಮವನ್ನು ನೋಡಿ. ಲೂಟನ್ನಿನಲ್ಲಿ ೧೯೩೧ರಿಂದ ತಯಾರಾದ ಬೆಡ್‌ಫರ್ಡ್ ಮೊದಲಾದ ಲಾರಿಗಳು ಕಬ್ಬಿಣವನ್ನು ಎಷ್ಟು ಸಾಧ್ಯವೋ ಅಷ್ಟು ಉಳಿಸಿ, ಎರಡೂವರೆ ಟನ್ನಿನ ಗೆರೆಯೊಳಗೆ ನುಸುಳಿ, ಮೂವತ್ತು ಮೈಲಿಯ ಹಕ್ಕನ್ನು ಗಳಿಸಿದುವು. ಕಾಯಿದೆಯ ಪುಸ್ತಕದಲ್ಲಿ ಬರೆದ ಒಂದು ಅಂಕಿಯು ಗಾಡಿಯ ಅಡಿಗಟ್ಟಿನ ದಪ್ಪವನ್ನು ನಿಶ್ಚಯಿಸಿತು.

ಭಾರಿಯ ಲಾರಿಯ ಚಾಲಕನ ಪಾಡು ಬೇರೆ. ಲೆಕ್ಕವು ಬಾಲಪಾಠದ್ದು. ಗಂಟೆಗೆ ಇಪ್ಪತ್ತರಂತೆ ಹನ್ನೊಂದು ಗಂಟೆಗೆ ಇನ್ನೂರಿಪ್ಪತ್ತು ಮೈಲಿ. ಏರು, ಊರು, ಊಟ ಇವನ್ನು ಕಳೆದರೆ ಅಷ್ಟೂ ಆಗದು. ಲಂಡನ್ನಿನಿಂದ ಗ್ಲಾಸ್ಗೋವಿಗೆ ಸುಮಾರು ನಾನೂರು ಮೈಲಿ. ಆದ್ದರಿಂದ ದೂರದ ದಾರಿಗಳಲ್ಲಿ ಒಂದು ಉಪಾಯ ಬೆಳೆಯಿತು. ಎರಡು ಕೊನೆಗಳಿಂದ ಎರಡು ಲಾರಿಗಳು ಸಂಜೆ ಹೊರಟು ನಡುದಾರಿಯ ಒಂದು ಚಹದಂಗಡಿಯಲ್ಲಿ ಸಂಧಿಸುವುವು. ಚಾಲಕರು ಗಾಡಿಗಳನ್ನು ಬದಲಾಯಿಸಿಕೊಂಡು ಬೆಳಗಾಗುವುದರೊಳಗೆ ತಂತಮ್ಮ ಊರಿಗೆ ಹಿಂದಿರುಗುವರು. ಹಳೆಯ ಅಂಚೆಯವರು ಕುದುರೆಗಳನ್ನು ಬದಲಾಯಿಸುತ್ತಿದ್ದಂತೆಯೇ ಇದು. ಈ ಉಪಾಯವಿಲ್ಲದ ಕಡೆ ಚಾಲಕನು ಪರಊರಿನ ಬಾಡಿಗೆಯ ಹಾಸಿಗೆಯಲ್ಲಿ ಮಲಗಬೇಕು, ಇಲ್ಲವೇ ಕಾಯಿದೆಯನ್ನು ಮುರಿಯಬೇಕು. ಮುರಿದವರು ಬಹಳ. ೧೯೩೩ರ ಕಾಯಿದೆಯಂತೆ ಪ್ರತಿಯೊಬ್ಬನೂ ಹೊತ್ತಿನ ಪಟ್ಟಿಯನ್ನು ಬರೆದಿಡಬೇಕಾಗಿದ್ದಿತು. ಮೂವತ್ತೈದರ ವೇಗದಲ್ಲಿ ಬಂದು ಇಪ್ಪತ್ತರ ವೇಗದಲ್ಲಿ ಬಂದಂತೆ ಪಟ್ಟಿ ಬರೆಯುವುದು ಒಂದು ವಿದ್ಯೆಯೇ ಆಯಿತು. ಇಳಿಜಾರಿನಲ್ಲಿ ಗೇರನ್ನು ತಪ್ಪಿಸಿ ಗಾಡಿಯನ್ನು ಅದರಷ್ಟಕ್ಕೆ ಓಡಲು ಬಿಡುತ್ತಿದ್ದುದೂ ಉಂಟು. ಇದು ಸಾಹಸವೆಂದು ಈಗ ನಗುತ್ತ ಹೇಳುವರು. ಬ್ರೇಕು ಕಾದು ಹಿಡಿಯದೆ ಹೋದರೆ ಮಾತ್ರ ನಗುವುದಕ್ಕೆ ಯಾರೂ ಉಳಿಯುತ್ತಿರಲಿಲ್ಲ. ಇಪ್ಪತ್ತರ ಮಿತಿಯು ಮೂವತ್ತಕ್ಕೆ ಏರಿದ್ದು ೧೯೫೭ರಲ್ಲಿ.

ಗೇರಿನ ಮಾತು ಬಂದುದರಿಂದ ಆ ಕಾಲದ ಕೈಚಳಕವನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ಎಂಜಿನು ತಿರುಗುವ ವೇಗ ಒಂದು, ಗಾಲಿ ತಿರುಗುವ ವೇಗ ಇನ್ನೊಂದು. ಇವೆರಡನ್ನೂ ಹೊಂದಿಸುವ ಹಲ್ಲುಚಕ್ರಗಳ ಪೆಟ್ಟಿಗೆಯೇ ಗೇರುಪೆಟ್ಟಿಗೆ. ಎರಡು ಹಲ್ಲುಚಕ್ರಗಳು ಕೂಡಬೇಕಾದರೆ ಅವುಗಳ ಹಲ್ಲುಗಳು ಒಂದೇ ವೇಗದಲ್ಲಿ ಓಡುತ್ತಿರಬೇಕು. ಈಗಿನ ವಾಹನಗಳಲ್ಲಿ ಆ ವೇಗವನ್ನು ಸರಿಮಾಡುವ ಉಪಕರಣವು ಪೆಟ್ಟಿಗೆಯೊಳಗೇ ಇದೆ. ಚಾಲಕನು ದಂಡವನ್ನು ನೂಕಿದರೆ ಸಾಕು. ಹಳೆಯ ಲಾರಿಯಲ್ಲಿ ಅದಿರಲಿಲ್ಲ. ಏರಿನಲ್ಲಿ ಕೆಳಗಿನ ಗೇರು ಬೇಕಾದಾಗ ಚಾಲಕನು ಕ್ಲಚ್ಚನ್ನು ತುಳಿದು ಗೇರನ್ನು ಬಿಡಿಸಬೇಕು. ಕ್ಲಚ್ಚನ್ನು ಬಿಟ್ಟು ಎಂಜಿನ್ನಿನ ವೇಗವನ್ನು ಬೇಕಾದಷ್ಟೇ ಏರಿಸಬೇಕು. ಮತ್ತೆ ಕ್ಲಚ್ಚನ್ನು ತುಳಿದು ಹೊಸ ಗೇರಿಗೆ ಹಾಕಬೇಕು. ಬೇಕಾದಷ್ಟೇ ಎಂದರೆ ಎಷ್ಟು? ಅದನ್ನು ಹೇಳುವುದು ಕಿವಿ, ಮತ್ತು ದಂಡವನ್ನು ಹಿಡಿದ ಅಂಗೈ. ವೀಣೆಯ ತಂತಿಯನ್ನು ಶ್ರುತಿಗೆ ತರುವವನ ಕಿವಿಯಂತೆ ಅದು ಕೆಲಸಮಾಡಬೇಕು. ತಪ್ಪಿದರೆ ಹಲ್ಲುಗಳು ಕಿರುಚಿ, ಗೇರು ಸಿಕ್ಕದೆ, ಗಾಡಿಯು ಏರಿನ ನಡುವೆ ನಿಂತುಬಿಡುವುದು. ಹತ್ತು ಹನ್ನೆರಡು ಟನ್ನು ಸರಕಿನೊಡನೆ ಅದು ಹಿಂದಕ್ಕೆ ಜಾರತೊಡಗಿದರೆ ಬ್ರೇಕೊಂದೇ ದಿಕ್ಕು. ಅದಕ್ಕಾಗಿಯೇ ಸಹಾಯಕನು ಮರದ ಅಡೆಯನ್ನು ಹಿಡಿದು ಗಾಲಿಯ ಹಿಂದೆ ಇಡಲು ಸಿದ್ಧನಾಗಿರುತ್ತಿದ್ದನು.

ಈ ಕಾಲದ ಎಂಜಿನುಗಳಲ್ಲಿ ಎಲ್ಲರ ಬಾಯಲ್ಲಿಯೂ ಬರುವ ಹೆಸರು ಗಾರ್ಡ್ನರ್. ಮ್ಯಾಂಚೆಸ್ಟರಿನ ಬಳಿಯ ಪ್ಯಾಟ್ರಿಕ್ರಾಫ್ಟಿನಲ್ಲಿ ೧೯೩೧ರಿಂದ ತಯಾರಾದ ಈ ಡೀಸಲ್ ಎಂಜಿನ್ನಿನ ಆರು ಸಿಲಿಂಡರಿನ ಮಾದರಿಗೆ ೧೦೨ ಕುದುರೆಗಳ ಶಕ್ತಿ, ಅದೂ ನಿಮಿಷಕ್ಕೆ ೧೭೦೦ ಸುತ್ತಿನಲ್ಲಿ. ಎಂಟು ಗಾಲಿಗಳ ಗಾಡಿಯು ಸರಕೂ ಸೇರಿ ಇಪ್ಪತ್ತೆರಡು ಟನ್ನು ತೂಗಬಹುದಾಗಿದ್ದಿತು. ಈಗಿನ ಭಾರಿಯ ಲಾರಿಗಳಿಗೆ ನಾನೂರು ಐನೂರು ಕುದುರೆಗಳ ಶಕ್ತಿಯಿರುವುದನ್ನು ನೆನೆದರೆ ಆ ನೂರೆರಡು ಏನೇನೂ ಅಲ್ಲ. ಆದರೆ ಅದು ಎಣ್ಣೆಯನ್ನು ಬಹಳ ಕಡಮೆ ಕುಡಿಯುತ್ತಿದ್ದಿತು, ಲಕ್ಷಾಂತರ ಮೈಲಿ ಓಡಿದರೂ ದಣಿಯುತ್ತಿರಲಿಲ್ಲ. ಅದರ ಭಾರವಾದ ತಿರುಗಾಲಿಯು ವೇಗವನ್ನು ಬೇಗ ಬಿಟ್ಟುಕೊಡದ ಕಾರಣ ಮೇಲಿನ ಗೇರಿಗೆ ಹೋಗುವಾಗ ಚಾಲಕನು ನಡುವೆ ಸುಮ್ಮನೆ ಕಾಯಬೇಕು. ಅವಸರದವನಿಗೆ ಅದು ಒಗ್ಗುತ್ತಿರಲಿಲ್ಲ. ಆ ನಿಧಾನವಾದ ಲಯವೇ ಮುದುಕರ ಕಿವಿಯಲ್ಲಿ ಇಂದಿಗೂ ಉಳಿದಿರುವುದು.

ಕ್ಯಾಬಿನ ಒಳಗಣ ಸುಖವನ್ನು ಬಣ್ಣಿಸುವುದಕ್ಕೆ ಹೆಚ್ಚು ಮಾತು ಬೇಡ. ಎಂಜಿನು ಚಾಲಕನ ಪಕ್ಕದಲ್ಲಿಯೇ, ಒಂದು ಮುಚ್ಚಳದ ಅಡಿಯಲ್ಲಿ. ಅದರ ಸದ್ದಿನಲ್ಲಿ ಸಹಾಯಕನೊಡನೆ ಮಾತಾಡಬೇಕಾದರೆ ಕೂಗಬೇಕು. ಬೆಚ್ಚಗಿಡುವ ಉಪಕರಣ ಬಹುತೇಕ ಗಾಡಿಗಳಲ್ಲಿ ಇರಲಿಲ್ಲ. ಮೊಣಕಾಲಿಗೆ ಗೋಣಿಚೀಲ, ಮೈಗೆ ಸೇನೆಯ ಹಳೆಯ ಕೋಟು. ಮಂಜು ಕವಿದರೆ ಮುಂದಿನ ಗಾಜನ್ನು ಮೇಲೆತ್ತಿ, ಮುಖವನ್ನು ಆ ಚಳಿಗೇ ಒಡ್ಡಿ ನಡೆಸಬೇಕು. ೧೯೫೨ರ ಡಿಸೆಂಬರಿನಲ್ಲಿ ಲಂಡನ್ನನ್ನು ಹೊಗೆಮಂಜು ಮುಚ್ಚಿದಾಗ ಬಸ್ಸುಗಳ ಮುಂದೆ ಕಂಡಕ್ಟರುಗಳು ದೀಪ ಹಿಡಿದು ನಡೆದರು. ೧೮೬೫ರ ಬಾವುಟದವನು ಎಂಬತ್ತೇಳು ವರ್ಷಗಳ ಮೇಲೆ ಮತ್ತೆ ಬಂದಂತಾಯಿತು.

ದಾರಿಗಳ ಪೈಕಿ ಪ್ರಸಿದ್ಧವಾದುದು ಷ್ಯಾಪ್ ಗುಡ್ಡ. ಇಂಗ್ಲೆಂಡಿನ ವಾಯವ್ಯದಲ್ಲಿ ಕೆಂಡಲ್ ಮತ್ತು ಪೆನ್‌ರಿತ್ ಊರುಗಳ ನಡುವೆ ಎ-೬ ಎಂಬ ರಸ್ತೆಯು ಸುಮಾರು ೧೪೦೦ ಅಡಿ ಎತ್ತರಕ್ಕೆ ಏರಿ ಇಳಿಯುವುದು. ನಮ್ಮ ಘಟ್ಟಗಳನ್ನು ಕಂಡವರಿಗೆ ಈ ಎತ್ತರ ದೊಡ್ಡದಲ್ಲ. ಆದರೆ ಅಲ್ಲಿಯ ಗಾಳಿಯೂ ಹಿಮವೂ ನಮ್ಮಲ್ಲಿಲ್ಲ. ಪಶ್ಚಿಮ ದಿಕ್ಕಿನಿಂದ ಸ್ಕಾಟ್ಲೆಂಡಿಗೆ ಹೋಗುವ ಸರಕೆಲ್ಲ ಇದರ ಮೇಲೆಯೇ ಹೋಗಬೇಕಾಗಿದ್ದಿತು. ಸಣ್ಣ ಗೇರಿನಲ್ಲಿ, ಮನುಷ್ಯನ ನಡಿಗೆಯ ವೇಗದಲ್ಲಿ, ಒಂದರ ಹಿಂದೊಂದು ಲಾರಿಗಳು ಗುಡ್ಡ ಹತ್ತುತ್ತಿದ್ದುವು. ದಾರಿಯಲ್ಲಿ ಜಂಗಲ್ ಕೆಫೆ ಎಂಬ ಒಂದು ಊಟದ ಮನೆಯಿದ್ದಿತು. ಅದರ ಹೆಸರನ್ನು ಹೇಳಿದರೆ ಆ ಕಾಲದ ಚಾಲಕರ ಮುಖ ಇಂದೂ ಅರಳುತ್ತದೆಂದು ಕೇಳಿದ್ದೇವೆ.

ಹಗ್ಗದ ವಿದ್ಯೆಯನ್ನು ಮರೆಯಬಾರದು. ಆಗಿನ ಲಾರಿಗಳು ಬಹುಮಟ್ಟಿಗೆ ಬಯಲು ಹಲಗೆಯವು. ಪೀಪಾಯಿ, ಉಣ್ಣೆಯ ಮೂಟೆ, ಪಿಂಗಾಣಿಯ ಪೆಟ್ಟಿಗೆ, ಏನೇ ಇರಲಿ, ಸರಕನ್ನು ಅಡಕಿ, ಟಾರ್ಪಾಲು ಹೊದಿಸಿ, ಹಗ್ಗ ಬಿಗಿಯುವುದು ಚಾಲಕನ ಹೊಣೆ. ಹಗ್ಗದ ನಡುವೆ ಒಂದು ಕುಣಿಕೆಯನ್ನು ಮಾಡಿ, ತುದಿಯನ್ನು ಗಾಡಿಯ ಕೊಕ್ಕೆಗೆ ಸುತ್ತಿ, ಮತ್ತೆ ಅದೇ ಕುಣಿಕೆಯಲ್ಲಿ ತೂರಿಸಿ ಎಳೆದರೆ ರಾಟೆಯ ನ್ಯಾಯದಿಂದ ಎಳೆತವು ಇಮ್ಮಡಿ ಮುಮ್ಮಡಿಯಾಗುವುದು. ಬಿಚ್ಚಬೇಕಾದಾಗ ಒಂದು ಸಲ ಸೆಳೆದರೆ ಕುಣಿಕೆಯೇ ಮಾಯ. ಇದಕ್ಕೆ ಅಲ್ಲಿಯವರು ಡಾಲಿ ಎಂದು ಹೆಸರಿಟ್ಟಿರುವರು. ನಮ್ಮ ಮಂಡಿಗಳ ಮುಂದೆ ಲಾರಿಯ ಮೇಲೆ ಹಗ್ಗ ಬಿಗಿಯುವ ಕ್ಲೀನರ ಕೈಯಲ್ಲಿ ಇಂಥದೇ ಕುಣಿಕೆಯನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಬ್ರಿಟನ್ನಿನಲ್ಲಿ ಈಗ ಪರದೆಯ ಗೋಡೆಗಳ ಗಾಡಿಗಳೂ ಉಕ್ಕಿನ ದೊಡ್ಡ ಪೆಟ್ಟಿಗೆಗಳೂ ಬಂದು ಈ ವಿದ್ಯೆ ಬಹಳ ಮಟ್ಟಿಗೆ ಕಾಣೆಯಾಗಿದೆ.

೧೯೪೮ರಲ್ಲಿ ದೂರದ ಸಾಗಣೆಯನ್ನು ಸರ್ಕಾರವು ವಹಿಸಿಕೊಂಡಿತು. ಬ್ರಿಟಿಷ್ ರೋಡ್ ಸರ್ವಿಸಸ್ ಎಂಬ ಒಂದೇ ಹೆಸರಿನಡಿಯಲ್ಲಿ ಸುಮಾರು ನಲವತ್ತು ಸಾವಿರ ಗಾಡಿಗಳು ಸೇರಿದುವು. ಒಂದೊಂದು ಮನೆತನದ ಬಣ್ಣವೂ ಚಿತ್ತಾರವೂ ಹೋಗಿ ಎಲ್ಲಕ್ಕೂ ಸಮವಸ್ತ್ರ ಬಂದಿತು. ೧೯೫೩ರಲ್ಲಿ ಬೇರೆ ಪಕ್ಷದ ಸರ್ಕಾರವು ಕಾಯಿದೆ ಮಾಡಿ ಅವುಗಳಲ್ಲಿ ಬಹಳಷ್ಟನ್ನು ಮತ್ತೆ ಮಾರಿತು. ಇದರ ನ್ಯಾಯಾನ್ಯಾಯಗಳನ್ನು ಕುರಿತು ಹಳೆಯ ಚಾಲಕರಲ್ಲಿ ಇಂದಿಗೂ ಎರಡು ಪಂಗಡಗಳಿವೆ. ಹೊತ್ತಿಗೆ ಸರಿಯಾಗಿ ಸಂಬಳವೂ ನಿಯಮವೂ ಬಂದುವೆನ್ನುವವರು ಕೆಲವರು, ಯಜಮಾನನ ಮುಖವೇ ಕಾಣದಾಯಿತೆನ್ನುವವರು ಕೆಲವರು.

ನಮ್ಮ ದೇಶದ ನಂಟು ಹುಟ್ಟಿದ್ದೂ ಈ ಕಾಲದಲ್ಲಿಯೇ. ೧೯೪೮ರಲ್ಲಿ ಮದರಾಸಿನ ಎಣ್ಣೂರಿನಲ್ಲಿ ಮೊದಲಾದ ಅಶೋಕ್ ಮೋಟಾರ್ಸ್ ಕಂಪೆನಿಯು ೧೯೫೦ರ ಒಪ್ಪಂದದ ಮೇಲೆ ಲೇಲ್ಯಾಂಡಿನ ಕಾಮೆಟ್ ಲಾರಿಗಳನ್ನು ಜೋಡಿಸತೊಡಗಿ, ೧೯೫೫ರಲ್ಲಿ ಅಶೋಕ್ ಲೇಲ್ಯಾಂಡ್ ಎಂದು ಹೆಸರಾಯಿತು. ೧೯೮೦ರಲ್ಲಿ ಬೆಂಗಳೂರಿಗೆ ಹತ್ತಿರದ ಹೊಸೂರಿನಲ್ಲಿಯೂ ಅದರ ಕಾರ್ಖಾನೆಯಾಯಿತು. ನಾವು ಬಾಲಕರಾಗಿದ್ದಾಗ ಘಟ್ಟವನ್ನು ಏರುವ ಕಾಮೆಟ್ಟಿನ ನರಳಾಟವನ್ನು ಹಾಸಿಗೆಯಲ್ಲಿ ಮಲಗಿ ಕೇಳುತ್ತಿದ್ದೆವು. ಗೇರು ಬದಲಾಗುವಾಗ ಒಂದು ಕ್ಷಣ ಸದ್ದಡಗಿ, ಮತ್ತೆ ದನಿ ಕೆಳಗಿಳಿದು ಮೊದಲಾಗುತ್ತಿದ್ದಿತು. ಲಾರಿಯ ಹಣೆಯ ಮೇಲಿನ ಲೇಲ್ಯಾಂಡ್ ಎಂಬುದು ದೂರದ ಒಂದು ಸಣ್ಣ ಊರಿನ ಹೆಸರೆಂದು ಆಗ ಯಾರೂ ನಮಗೆ ಹೇಳಲಿಲ್ಲ.

ಆ ಊರಿನ ಲೋಕವು ಕಳಚಿಬಿದ್ದುದು ಬೇಗ. ೧೯೫೮ರಲ್ಲಿ ಪ್ರೆಸ್ಟನ್ ಊರನ್ನು ಬಳಸಿ ಹೋಗುವ ಎಂಟು ಮೈಲಿಗಳ ಹೊಸ ಹೆದ್ದಾರಿಯೂ, ೧೯೫೯ರಲ್ಲಿ ಎಂ-೧ ಹೆದ್ದಾರಿಯ ಮೊದಲ ಭಾಗವೂ ತೆರೆದುವು. ಇಪ್ಪತ್ತು ಮೈಲಿಗೆಂದು ಕಟ್ಟಿದ ಗಾಡಿಗಳು ಗಂಟೆಗಟ್ಟಲೆ ಪೂರ್ಣ ವೇಗದಲ್ಲಿ ಓಡಬೇಕಾಯಿತು. ೧೯೬೭ರಲ್ಲಿ ಸ್ವೀಡನ್ನಿನ ವೋಲ್ವೊ ಬಂದಾಗ ಚಾಲಕರು ಕಂಡದ್ದು ಬೆಚ್ಚಗಿನ ಕ್ಯಾಬು, ಸದ್ದಿಲ್ಲದ ಎಂಜಿನು, ಮಗುವೂ ಹಾಕಬಲ್ಲ ಗೇರು. ಒಮ್ಮೆ ಅದರಲ್ಲಿ ಕುಳಿತವರು ಮತ್ತೆ ಗೋಣಿಚೀಲಕ್ಕೆ ಹಿಂದಿರುಗಲು ಒಪ್ಪಲಿಲ್ಲ. ಹಳೆಯ ಲಾರಿಯನ್ನು ಹಾಡಿಹೊಗಳುವವರೇ ಅದನ್ನು ಮೊದಲು ಬಿಟ್ಟವರೆಂಬುದನ್ನು ಇಲ್ಲಿ ಹೇಳಬೇಕಾಗಿದೆ. ಅದು ಅವರ ತಪ್ಪೂ ಅಲ್ಲ. ಎ.ಇ.ಸಿ. ಕಾರ್ಖಾನೆ ೧೯೭೯ರಲ್ಲಿ, ಸ್ಕ್ಯಾಮೆಲ್ ೧೯೮೮ರಲ್ಲಿ ಮುಚ್ಚಿದುವು. ಫೋಡೆನ್ ಹೆಸರು ೨೦೦೬ರಲ್ಲಿ, ಇ.ಆರ್.ಎಫ್. ೨೦೦೭ರಲ್ಲಿ ಅಳಿದುವು. ಲೇಲ್ಯಾಂಡ್ ಊರಿನ ಕಾರ್ಖಾನೆ ಮಾತ್ರ ಅಮೆರಿಕದವರ ಒಡೆತನದಲ್ಲಿ ಉಳಿದು, ಡಾಫ್ ಎಂಬ ಡಚ್ಚರ ಹೆಸರಿನಲ್ಲಿ ಲಾರಿಗಳನ್ನು ಕಟ್ಟುತ್ತಿದೆ. ಅದೇ ಊರಿನಲ್ಲಿ ಹಳೆಯ ಗಾಡಿಗಳ ವಸ್ತುಸಂಗ್ರಹಾಲಯವೊಂದು ೧೯೮೩ರಿಂದ ಇದೆ.

ಕೈಯಿಂದ ಬರೆದ ಹೊತ್ತಿನ ಪಟ್ಟಿಗಳೂ ಹೋದುವು. ೧೯೮೧ರ ಕೊನೆಯಿಂದ ಚಾಲಕನ ವೇಗವನ್ನೂ ವಿಶ್ರಾಂತಿಯನ್ನೂ ತಾನೇ ಗೀಚಿಡುವ ಯಂತ್ರವು ಕಡ್ಡಾಯವಾಯಿತು. ಕ್ಯಾಬಿನೊಳಗಣ ಗೂಢಚಾರನೆಂದು ಚಾಲಕರು ಅದನ್ನು ಬೈದರು. ಆದರೆ ಯಜಮಾನನು ಇನ್ನೂ ಒಂದು ಸುತ್ತು ಹೊರಡು ಎಂದಾಗ, ಆಗದು ಎನ್ನುವುದಕ್ಕೆ ಚಾಲಕನ ಕೈಗೆ ಸಿಕ್ಕಿದ ಮೊದಲ ಗಟ್ಟಿ ಸಾಕ್ಷಿಯೂ ಅದೇ ಎಂಬುದು ನಮ್ಮ ಅಭಿಪ್ರಾಯ.

ಬ್ರೈಟನ್ನಿನ ದಂಡೆಗೆ ಬರುವ ಲಾರಿಗಳು ಬಹುಮಟ್ಟಿಗೆ ಬರಿದು. ಮೂಟೆಯಿಲ್ಲ, ಹಗ್ಗವಿಲ್ಲ, ಹೊತ್ತಿನ ಪಟ್ಟಿಯಿಲ್ಲ. ಅಲ್ಲಿಗೆ ಬಂದು ಮಾತಾಡುವವರು ಬದುಕಿ ಉಳಿದವರು; ಸ್ಟಿಯರಿಂಗಿನ ಮೇಲೆಯೇ ತೂಕಡಿಸಿ ಹೋದವರು ಅಲ್ಲಿಗೆ ಬರುವುದಿಲ್ಲ. ಆದಕಾರಣ ಅವರ ಮಾತುಗಳನ್ನು ಕೇಳುವಾಗ ಒಂದಿಷ್ಟು ಕಳೆದೂ ಕೇಳಬೇಕು, ಒಂದಿಷ್ಟು ಕೂಡಿಸಿಯೂ ಕೇಳಬೇಕು.

ಷ್ಯಾಪ್ ಗುಡ್ಡವನ್ನು ದಾಟುವ ಎಂ-೬ ಹೆದ್ದಾರಿಯ ಭಾಗವು ೧೯೭೦ರಲ್ಲ�ಿ ತೆರೆಯಿತು; ಹಳೆಯ ದಾರಿಯಲ್ಲಿ ಲಾರಿಗಳ ಸಾಲು ನಿಂತುಹೋಯಿತು. ಆ ದಾರಿಯ ನೆತ್ತಿಯ ಬಳಿ ಈಗ ಒಂದು ಸ್ಮಾರಕದ ಕಲ್ಲಿದೆ. ಉತ್ತರ ದಕ್ಷಿಣಗಳನ್ನು ಆ ಕಷ್ಟದ ದಾರಿಯಲ್ಲಿ ಕೂಡಿಸಿದ ಚಾಲಕರನ್ನೂ ಅವರ ಸಹಾಯಕರನ್ನೂ, ರಸ್ತೆಯನ್ನು ಕಟ್ಟಿ ಕಾಪಾಡಿದವರನ್ನೂ, ಹಿಮದಲ್ಲಿ ಸಿಕ್ಕಿಬಿದ್ದವರಿಗೆ ಅನ್ನವನ್ನೂ ಆಶ್ರಯವನ್ನೂ ಕೊಟ್ಟ ಸುತ್ತಲಿನ ಹಳ್ಳಿಯವರನ್ನೂ ಅದರ ಮೇಲೆ ನೆನೆದಿರುವರು. ಯಾವ ಲಾರಿಯ ಹೆಸರನ್ನೂ ಅದರಲ್ಲಿ ಕೆತ್ತಿಲ್ಲ.